ತೆರೆಯ ಹಿಂದಿನ ಕಾವಲುಗಾರ: ವಿ.ಪಿ.ಎನ್. ಡೀಮನ್ನಿನ ಪರಿಚಯ

ರಾತ್ರಿ ಹತ್ತು ಗಂಟೆಯ ಸಮಯ ಎಂದಿಟ್ಟುಕೊಳ್ಳಿ. ನೀವು ಮನೆಯಲ್ಲಿದ್ದೀರಿ. ನಾಳೆ ಒಪ್ಪಿಸಬೇಕಾದ ಪ್ರಾಜೆಕ್ಟಿನ ಕಡತಗಳೆಲ್ಲ ಕಾಲೇಜಿನ ಪ್ರಯೋಗಾಲಯದ ಸರ್ವರಿನಲ್ಲಿ ಉಳಿದುಬಿಟ್ಟಿವೆ. ಮನೆಯಲ್ಲೂ ಇಂಟರ್‌ನೆಟ್ ಇದೆ, ಕಾಲೇಜಿನಲ್ಲೂ ಇದೆ. ಆದರೂ ಆ ಸರ್ವರನ್ನು ನೀವು ಮುಟ್ಟಲಾರಿರಿ. ಏಕೆ?

ಅದರ ವಿಳಾಸವನ್ನು ನೋಡಿದರೆ ಕಾರಣ ತಿಳಿಯುತ್ತದೆ. ಅದು 192.168 ಎಂದು ಆರಂಭವಾಗುತ್ತದೆ. ಇಂಥ ವಿಳಾಸಗಳ ಮೂರು ಗುಂಪುಗಳನ್ನು ಖಾಸಗಿ ಬಳಕೆಗೆಂದೇ ಮೀಸಲಿಡಲಾಗಿದೆ. ಈಗ ಜಾರಿಯಲ್ಲಿರುವ ನಿಯಮಪತ್ರ 1996ರದು. 10ರಿಂದ ಆರಂಭವಾಗುವವು, 172.16ರಿಂದ 172.31ರವರೆಗಿನವು, ಮತ್ತು 192.168ರವು. ದೊಡ್ಡ ವಠಾರವೊಂದರಲ್ಲಿ 'ಮೂರನೇ ಮನೆ' ಎಂದರೆ ವಠಾರದವರಿಗೆ ಗೊತ್ತು. ಬೀದಿಯ ಅಂಚೆಯವನಿಗೆ ಅದರಿಂದ ಏನೂ ತಿಳಿಯದು, ಊರಿನಲ್ಲಿ ಎಷ್ಟು ವಠಾರಗಳಿವೆಯೋ ಅಷ್ಟು ಮೂರನೇ ಮನೆಗಳು! ಇಂಟರ್‌ನೆಟ್ಟಿನ ರೂಟರುಗಳ ಪಾಡೂ ಹೀಗೆಯೇ. ಖಾಸಗಿ ವಿಳಾಸ ಬರೆದ ಪ್ಯಾಕೆಟ್ಟನ್ನು ಅವು ಮುಂದಕ್ಕೆ ಸಾಗಿಸುವುದಿಲ್ಲ.

ಇಲ್ಲಿ ನೆರವಿಗೆ ಬರುವುದೇ ವರ್ಚುಯಲ್ ಪ್ರೈವೇಟ್ ನೆಟ್‌ವರ್ಕ್, ಚಿಕ್ಕದಾಗಿ ವಿ.ಪಿ.ಎನ್. ಇದರ ಉಪಾಯ ಬಹಳ ಸರಳ: ಲಕೋಟೆಯೊಳಗೆ ಇನ್ನೊಂದು ಲಕೋಟೆ. ಒಳಗಿನ ಲಕೋಟೆಯ ಮೇಲೆ 'ಮೂರನೇ ಮನೆ' ಎಂಬ ಖಾಸಗಿ ವಿಳಾಸ. ಅದನ್ನು ಗೂಢಲಿಪಿಗೆ ತಿರುಗಿಸಿ, ಹೊರಗಿನ ಲಕೋಟೆಯಲ್ಲಿಟ್ಟು, ಅದರ ಮೇಲೆ ವಠಾರದ ಬೀದಿ ವಿಳಾಸ ಬರೆಯುತ್ತೇವೆ. ವಠಾರದ ಬಾಗಿಲಲ್ಲಿ ಕುಳಿತವನೊಬ್ಬ ಹೊರಗಿನ ಲಕೋಟೆಯನ್ನು ಒಡೆದು ಒಳಗಿನದನ್ನು ಮನೆಗೆ ಮುಟ್ಟಿಸುತ್ತಾನೆ. ಹಗಲು ರಾತ್ರಿ ಬಾಗಿಲಲ್ಲಿ ಕುಳಿತಿರುವ ಅವನೇ ನಮ್ಮ ಇಂದಿನ ವಿಷಯ. ಅವನ ಹೆಸರು ಡೀಮನ್.

ಹೆಸರು ಕೇಳಿ ಹೆದರಬೇಡಿ, ಇದು ಭೂತಚೇಷ್ಟೆಯಲ್ಲ. ಪರದೆಯ ಮೇಲೆ ಕಿಟಕಿ ತೆರೆಯದೆ, ಕೀಲಿಮಣೆಯ ಮುಂದೆ ಯಾರೂ ಇಲ್ಲದಿದ್ದರೂ ಹಿನ್ನೆಲೆಯಲ್ಲಿ ನಿರಂತರ ಓಡುವ ಪ್ರೋಗ್ರಾಮಿಗೆ ಯುನಿಕ್ಸ್ ಬಳಗದಲ್ಲಿ ಡೀಮನ್ ಎನ್ನುತ್ತಾರೆ. 1963ರ ಸುಮಾರಿಗೆ ಅಮೆರಿಕದ ಎಂ.ಐ.ಟಿ.ಯ ಪ್ರಾಜೆಕ್ಟ್ ಮ್ಯಾಕ್ ಎಂಬ ಯೋಜನೆಯಲ್ಲಿ ಈ ಹೆಸರು ಬಳಕೆಗೆ ಬಂತು. ಭೌತಶಾಸ್ತ್ರ ಓದುವವರಿಗೆ ಮ್ಯಾಕ್ಸ್‌ವೆಲ್ಲನ ಡೀಮನ್ ಗೊತ್ತಿರಬೇಕು: ಎರಡು ಕೋಣೆಗಳ ನಡುವಣ ಪುಟ್ಟ ಬಾಗಿಲಲ್ಲಿ ನಿಂತು, ವೇಗದ ಅಣುಗಳನ್ನು ಒಂದು ಕಡೆಗೂ ನಿಧಾನದವನ್ನು ಇನ್ನೊಂದು ಕಡೆಗೂ ಬಿಡುವ ಕಾಲ್ಪನಿಕ ಜೀವಿ. ಆ ಯೋಜನೆಯಲ್ಲಿದ್ದ ಫರ್ನಾಂಡೊ ಕೊರ್ಬಾಟೊ ತಮಗೆ ಈ ಹೆಸರು ಹೊಳೆದದ್ದು ಅಲ್ಲಿಂದಲೇ ಎಂದು ಹೇಳಿದ್ದಾರೆ. ಬಾಗಿಲಲ್ಲಿ ನಿಂತು ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂದು ನೋಡುವವನು ಎಂಬ ಅರ್ಥದಲ್ಲಿ, ಎಲ್ಲ ಡೀಮನ್‌ಗಳಿಗಿಂತ ವಿ.ಪಿ.ಎನ್. ಡೀಮನ್ನಿಗೇ ಈ ಹೆಸರು ಹೆಚ್ಚು ಒಪ್ಪುತ್ತದೆ ಎಂದು ನನಗೆ ಅನ್ನಿಸುವುದುಂಟು.

ಉದಾಹರಣೆಗೆ ನಾವು ಓಪನ್‌ವಿಪಿಎನ್ ಎಂಬ ಪ್ರೋಗ್ರಾಮನ್ನು ತೆಗೆದುಕೊಳ್ಳೋಣ. 2001ರಲ್ಲಿ ಜೇಮ್ಸ್ ಯೋನನ್ ಎಂಬವರು ಇದನ್ನು ಬರೆದರು. ಅವರು ಮಧ್ಯ ಏಷ್ಯಾದಲ್ಲಿ ಪ್ರವಾಸ ಮಾಡುತ್ತ, ದಾರಿಯಲ್ಲಿ ಸಿಕ್ಕ ಇಂಟರ್‌ನೆಟ್ ಮೂಲಕವೇ ತಮ್ಮ ಕಚೇರಿಯ ಕೆಲಸ ಮಾಡಬೇಕಾಗಿತ್ತು. ನಡುವೆ ಯಾರ್ಯಾರ ಕೈ ದಾಟಿ ತಮ್ಮ ಮಾಹಿತಿ ಹೋಗುತ್ತಿದೆಯೋ ಎಂಬ ಆತಂಕವೇ ಈ ಪ್ರೋಗ್ರಾಮಿನ ಹುಟ್ಟಿಗೆ ಕಾರಣ. 2005ರಲ್ಲಿ ಬಂದ ಎರಡನೇ ಆವೃತ್ತಿಯಿಂದ ಒಂದೇ ಡೀಮನ್ ಒಂದೇ ಪೋರ್ಟಿನಲ್ಲಿ ಅನೇಕರಿಗೆ ಬಾಗಿಲು ತೆರೆಯುವಂತಾಯಿತು. ಇದು ಮುಕ್ತ ತಂತ್ರಾಂಶ; ಲಿನಕ್ಸ್ ಇರುವ ಯಾವ ಹಳೆಯ ಕಂಪ್ಯೂಟರಿನಲ್ಲಾದರೂ ನೀವು ಹಣ ಕೊಡದೆ ಹಾಕಿ ಕಲಿಯಬಹುದು.

ಒಂದು ಸೂಚನೆ. ಇನ್ನು ಮುಂದೆ ಬರುವ ಆಜ್ಞೆಗಳ ಉಚ್ಚಾರವನ್ನಷ್ಟೇ ಇಲ್ಲಿ ಕನ್ನಡದಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳೇ ಬೇಕು. ಸಂಶಯ ಬಂದರೆ ಟರ್ಮಿನಲ್ಲಿನಲ್ಲಿ 'ಮ್ಯಾನ್ ಓಪನ್‌ವಿಪಿಎನ್' ಎಂದು ಕೊಡಿ. ಪ್ರೋಗ್ರಾಮಿನ ಕೈಪಿಡಿಯೇ ತೆರೆಯುತ್ತದೆ. ಉದ್ದವಾಗಿದೆ ಎಂದು ಮುಚ್ಚಿಬಿಡಬೇಡಿ, ಒಂದು ಗೆರೆ ಎಳೆದು ದಿನಕ್ಕೆ ಎರಡು ಪುಟ ಓದಿದರೂ ಕ್ರಮೇಣ ಮುಗಿಯುತ್ತದೆ.

ಮೊದಲ ಕೆಲಸ ಕೀಲಿಗಳದು. ಪ್ರತಿಯೊಬ್ಬ ಬಳಕೆದಾರನಿಗೂ ಎರಡು ವಸ್ತು ಬೇಕು: ಒಂದು ಗುಟ್ಟಿನ ಕೀಲಿ, ಇನ್ನೊಂದು ಆ ಕೀಲಿ ಇವನದೇ ಎಂದು ಹೇಳುವ ಪ್ರಮಾಣಪತ್ರ. ಪ್ರಮಾಣಪತ್ರಕ್ಕೆ ರುಜು ಹಾಕುವ ಅಧಿಕಾರ ಒಂದೇ ಒಂದು ಕೀಲಿಗಿದೆ. ಅದನ್ನು ಮೂಲ ಕೀಲಿ ಎನ್ನೋಣ. ನಿಮ್ಮ ಕಾಲೇಜಿನ ಅಂಕಪಟ್ಟಿಯ ಮೇಲಿನ ಮೊಹರನ್ನು ನೆನೆಸಿಕೊಳ್ಳಿ. ಮೊಹರು ಕಳ್ಳನ ಕೈಗೆ ಸಿಕ್ಕರೆ ಅವನು ಒಂದು ಅಂಕಪಟ್ಟಿಯನ್ನಲ್ಲ, ಎಷ್ಟು ಬೇಕಾದರೂ ಅಂಕಪಟ್ಟಿಗಳನ್ನು ತಯಾರಿಸಬಲ್ಲ. ಆದ್ದರಿಂದ ಮೂಲ ಕೀಲಿಯನ್ನು ಡೀಮನ್ ಓಡುವ ಸರ್ವರಿನಲ್ಲಿ ಇಡಲೇಬಾರದು. ಇಂಟರ್‌ನೆಟ್ಟಿಗೆ ತಾಗದ ಬೇರೊಂದು ಕಂಪ್ಯೂಟರಿನಲ್ಲಿಟ್ಟು, ರುಜು ಹಾಕುವಾಗ ಮಾತ್ರ ಅದನ್ನು ತೆರೆಯಬೇಕು. ಸೋಮಾರಿತನದಿಂದ ಎಲ್ಲವನ್ನೂ ಒಂದೇ ಡೈರೆಕ್ಟರಿಯಲ್ಲಿ ಇಟ್ಟಿರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ.

ಈ ಕೆಲಸಕ್ಕೆ ಈಸಿ-ಆರ್‌ಎಸ್‌ಎ ಎಂಬ ಸಣ್ಣ ಉಪಕರಣವಿದೆ. 'ಇನಿಟ್-ಪಿಕೆಐ' ಎಂದರೆ ಕೀಲಿಗಳ ಪೆಟ್ಟಿಗೆ ಸಿದ್ಧವಾಗುತ್ತದೆ, 'ಬಿಲ್ಡ್-ಸಿಎ' ಎಂದರೆ ಮೂಲ ಕೀಲಿ ಹುಟ್ಟುತ್ತದೆ. ಬಳಕೆದಾರ ತನ್ನ ಗುಟ್ಟಿನ ಕೀಲಿಯನ್ನು ತನ್ನ ಕಂಪ್ಯೂಟರಿನಲ್ಲೇ ತಯಾರಿಸಿಕೊಂಡು, ಅರ್ಜಿಯನ್ನು ಮಾತ್ರ ನಿಮಗೆ ಕಳುಹಿಸುವುದು ಸರಿಯಾದ ಕ್ರಮ. ನೀವು ರುಜು ಹಾಕಿ ಪ್ರಮಾಣಪತ್ರವನ್ನು ಹಿಂದಿರುಗಿಸುತ್ತೀರಿ. ಗುಟ್ಟಿನ ಕೀಲಿ ಎಲ್ಲಿಗೂ ಪ್ರಯಾಣ ಮಾಡುವುದಿಲ್ಲ. ಆ ಕೀಲಿಗೆ ಒಂದು ಗುಪ್ತಪದ ಹಾಕುವಂತೆ ಬಳಕೆದಾರನಿಗೆ ಒತ್ತಾಯಿಸಿ. ಏಕೆ ಎಂಬುದನ್ನು ಮುಂದೆ ಒಂದು ಪ್ರಸಂಗದಲ್ಲಿ ಹೇಳುತ್ತೇನೆ.

ಈಗ ಡೀಮನ್ನಿಗೆ ಆದೇಶಪತ್ರ ಬರೆಯೋಣ. ಇದು ಸಾಮಾನ್ಯ ಪಠ್ಯ ಕಡತ, ಹೆಸರು ಸರ್ವರ್.ಕಾನ್ಫ್. ಡೆಬಿಯನ್, ಉಬುಂಟುಗಳಲ್ಲಿ ಅದರ ಜಾಗ ಇಟಿಸಿ ಡೈರೆಕ್ಟರಿಯೊಳಗಿನ ಓಪನ್‌ವಿಪಿಎನ್‌ನಲ್ಲಿರುವ ಸರ್ವರ್ ಡೈರೆಕ್ಟರಿ. ಒಂದು ಸಾಲಿಗೆ ಒಂದು ಆದೇಶ. 'ಪೋರ್ಟ್ 1194' ಎಂದರೆ ಆ ಸಂಖ್ಯೆಯ ಬಾಗಿಲಲ್ಲಿ ಕುಳಿತುಕೋ ಎಂದರ್ಥ. 'ಪ್ರೋಟೋ ಯುಡಿಪಿ' ಎಂದರೆ ಯುಡಿಪಿ ವಿಧಾನದಲ್ಲಿ ಲಕೋಟೆ ಕಳುಹಿಸು. ಟಿಸಿಪಿ ಏಕೆ ಬೇಡ ಎಂದು ಕೇಳುತ್ತೀರಿ. ಕಳೆದುಹೋದ ಪ್ಯಾಕೆಟ್ಟನ್ನು ಮತ್ತೆ ಕಳುಹಿಸುವ ಜವಾಬ್ದಾರಿ ಟಿಸಿಪಿಯದು. ಸುರಂಗದ ಒಳಗೆ ಹೋಗುವ ಸಂಚಾರ ಬಹುಪಾಲು ಟಿಸಿಪಿಯೇ. ಹೊರಗೂ ಟಿಸಿಪಿ ಇಟ್ಟರೆ, ಒಂದು ಪ್ಯಾಕೆಟ್ ಕಳೆದಾಗ ಒಳಗಿನವನೂ ಮತ್ತೆ ಕಳುಹಿಸುತ್ತಾನೆ, ಹೊರಗಿನವನೂ ಮತ್ತೆ ಕಳುಹಿಸುತ್ತಾನೆ. ದಾರಿ ಕೆಟ್ಟಿರುವಾಗಲೇ ಸಂಚಾರ ಹೆಚ್ಚಿ ಎಲ್ಲವೂ ಸ್ತಬ್ಧವಾಗುತ್ತದೆ. ಯುಡಿಪಿಯನ್ನು ತಡೆಯುವ ಜಾಗದಲ್ಲಿ ಮಾತ್ರ, ಅನಿವಾರ್ಯವಾಗಿ, ಟಿಸಿಪಿ.

'ಸರ್ವರ್ 10.8.0.0 255.255.255.0' ಎಂಬ ಸಾಲು ಸುರಂಗದೊಳಗಿನ ವಿಳಾಸಗಳನ್ನು ಗೊತ್ತುಮಾಡುತ್ತದೆ. ಡೀಮನ್ ತಾನು 10.8.0.1 ಆಗಿ, ಬಂದವರಿಗೆ ಉಳಿದವುಗಳನ್ನು ಹಂಚುತ್ತದೆ. 'ಪುಶ್ ರೂಟ್' ಎಂಬ ಸಾಲಿನಿಂದ, ಕಾಲೇಜಿನ ಒಳಜಾಲಕ್ಕೆ ದಾರಿ ನನ್ನ ಮೂಲಕ ಎಂದು ಬಂದವರಿಗೆ ತಿಳಿಸುತ್ತದೆ. 'ಕೀಪಲೈವ್ 10 120' ಎಂದರೆ ಹತ್ತು ಸೆಕೆಂಡಿಗೊಮ್ಮೆ 'ಇದ್ದೀಯಾ?' ಎಂದು ವಿಚಾರಿಸು, 120 ಸೆಕೆಂಡು ಉತ್ತರವಿಲ್ಲದಿದ್ದರೆ ಸಂಪರ್ಕ ಕಡಿದಿದೆ ಎಂದು ತಿಳಿ. 'ಯೂಸರ್ ನೋಬಡಿ' ಎಂಬುದು ನನಗೆ ಬಹಳ ಮೆಚ್ಚಿನ ಸಾಲು. ಆರಂಭದ ಕೆಲಸಗಳಿಗೆ ಡೀಮನ್ನಿಗೆ ರೂಟ್ ಅಧಿಕಾರ ಬೇಕು. ಅವು ಮುಗಿದ ಕೂಡಲೇ ಅದು ತನ್ನ ಅಧಿಕಾರವನ್ನು ತಾನೇ ಬಿಟ್ಟುಕೊಟ್ಟು, ಯಾವ ಹಕ್ಕೂ ಇಲ್ಲದ 'ಯಾರೂ ಅಲ್ಲ' ಎಂಬ ಖಾತೆಗೆ ಇಳಿಯುತ್ತದೆ. ನಾಳೆ ಯಾರಾದರೂ ಡೀಮನ್ನಿನೊಳಗೆ ನುಸುಳಿದರೂ ಅವರಿಗೆ ಸಿಗುವುದು 'ಯಾರೂ ಅಲ್ಲ'ನ ಅಧಿಕಾರ ಮಾತ್ರ.

'ಟಿಎಲ್‌ಎಸ್-ಕ್ರಿಪ್ಟ್' ಎಂಬ ಇನ್ನೊಂದು ಸಾಲು ಬಿಡಬೇಡಿ. ಎಲ್ಲ ಬಳಕೆದಾರರಿಗೂ ಸಮಾನವಾದ ಒಂದು ಹೆಚ್ಚುವರಿ ಕೀಲಿ ಅದು. ಅದು ಇಲ್ಲದವನು ಬಾಗಿಲು ತಟ್ಟಿದರೆ ಡೀಮನ್ ಉತ್ತರವನ್ನೇ ಕೊಡುವುದಿಲ್ಲ. 2014ರ ಏಪ್ರಿಲ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಗ್ರಂಥಾಲಯದಲ್ಲಿ ಹಾರ್ಟ್‌ಬ್ಲೀಡ್ ಎಂಬ ದೊಡ್ಡ ದೋಷ ಬಯಲಾಯಿತು. ಅದನ್ನು ಬಳಸುವ ಓಪನ್‌ವಿಪಿಎನ್ನಿಗೂ ಅದು ತಟ್ಟಿತು. ಆಗ ಟಿಎಲ್‌ಎಸ್-ಆತ್ ಎಂಬ ಇದರ ಹಿರಿಯ ಸೋದರನನ್ನು ಹಾಕಿಕೊಂಡಿದ್ದವರ ಮೇಲೆ ಹೊರಗಿನವರು ದಾಳಿ ಮಾಡುವುದು ಬಹಳ ಕಷ್ಟವಾಗಿತ್ತು.

ಇಷ್ಟು ಬರೆದ ಮೇಲೆ ಒಂದು ಆಜ್ಞೆ: 'ಸಿಸ್ಟಂಸಿಟಿಎಲ್ ಸ್ಟಾರ್ಟ್ ಓಪನ್‌ವಿಪಿಎನ್-ಸರ್ವರ್@ಸರ್ವರ್'. ಆ ಚಿಹ್ನೆಯ ನಂತರದ ಹೆಸರು ನಿಮ್ಮ ಕಡತದ ಹೆಸರು. ಸ್ಟಾರ್ಟ್ ಬದಲಿಗೆ 'ಎನೇಬಲ್' ಎಂದರೆ ಕಂಪ್ಯೂಟರು ಆರಿ ಹೊತ್ತಿದಾಗಲೆಲ್ಲ ಡೀಮನ್ ತಾನೇ ಏಳುತ್ತದೆ. ವಿದ್ಯುತ್ತು ಹೋಗಿ ಬರುವ ನಮ್ಮ ಊರುಗಳಲ್ಲಿ ಇದನ್ನು ಮರೆತವರು ಪಶ್ಚಾತ್ತಾಪ ಪಡುತ್ತಾರೆ. 'ಸ್ಟೇಟಸ್' ಎಂದರೆ ಅದು ಎದ್ದಿದೆಯೋ ಬಿದ್ದಿದೆಯೋ ತಿಳಿಯುತ್ತದೆ.

ಎದ್ದಿದೆ ಎಂದ ಮಾತ್ರಕ್ಕೆ ಕೆಲಸ ಮಾಡುತ್ತಿದೆ ಎಂದಲ್ಲ. ಡೀಮನ್ನಿಗೆ ಬಾಯಿ ಇಲ್ಲ, ಅದರ ಮಾತೆಲ್ಲ ಲಾಗಿನಲ್ಲಿ. 'ಜರ್ನಲ್‌ಸಿಟಿಎಲ್ -ಯು' ಎಂದು ಸೇವೆಯ ಹೆಸರು ಕೊಟ್ಟರೆ ಅದನ್ನು ಓದಬಹುದು. 'ಇನಿಶಿಯಲೈಸೇಶನ್ ಸೀಕ್ವೆನ್ಸ್ ಕಂಪ್ಲೀಟೆಡ್' ಎಂಬ ಸಾಲು ಕಂಡರೆ ಆರಂಭ ಸುಗಮವಾಗಿದೆ. ಬಳಕೆದಾರನ ಕಡೆ 'ಟಿಎಲ್‌ಎಸ್ ಕೀ ನೆಗೋಶಿಯೇಶನ್' 60 ಸೆಕೆಂಡಿನಲ್ಲಿ ಆಗಲಿಲ್ಲ ಎಂಬ ದೂರು ಬಂದರೆ, ಹತ್ತರಲ್ಲಿ ಒಂಬತ್ತು ಬಾರಿ ನಡುವೆ ಎಲ್ಲೋ ಫೈರ್‌ವಾಲ್ 1194ನ್ನು ತಡೆಯುತ್ತಿದೆ ಎಂದೇ ನನ್ನ ಅನುಭವ. ಸಂಪರ್ಕವೇನೋ ಆಯಿತು, 10.8.0.1 ಉತ್ತರಿಸುತ್ತದೆ, ಆದರೆ ಒಳಗಿನ ಸರ್ವರು ಮಾತ್ರ ಸಿಗುವುದಿಲ್ಲ ಎಂದರೆ? ಆಗ 'ಸಿಸ್ಟಂಸಿಟಿಎಲ್' ಬಿಟ್ಟು 'ಸಿಸ್‌ಸಿಟಿಎಲ್' ನೋಡಿ, ಹೆಸರುಗಳು ಅಣ್ಣತಮ್ಮಂದಿರಂತಿದ್ದರೂ ಕೆಲಸ ಬೇರೆ. ಅದರಲ್ಲಿ ಐಪಿ-ಫಾರ್ವರ್ಡ್ ಎಂಬುದು 0 ಆಗಿದ್ದರೆ, ಲಿನಕ್ಸ್ ಒಂದು ಜಾಲದಿಂದ ಇನ್ನೊಂದಕ್ಕೆ ಪ್ಯಾಕೆಟ್ ದಾಟಿಸುವುದಿಲ್ಲ. ಅದನ್ನು 1 ಮಾಡಬೇಕು. ಅದೂ ಸರಿ ಇದ್ದರೆ, ಒಳಗಿನ ಸರ್ವರಿಗೆ 10.8.0ಕ್ಕೆ ಹಿಂತಿರುಗುವ ದಾರಿ ಗೊತ್ತಿದೆಯೇ ನೋಡಿ. ಹೋಗುವ ದಾರಿಯನ್ನು ಎಲ್ಲರೂ ಯೋಚಿಸುತ್ತಾರೆ, ಬರುವ ದಾರಿಯನ್ನು ಮರೆಯುತ್ತಾರೆ.

ಇನ್ನೊಂದು ವಿಚಿತ್ರ ತೊಂದರೆ ಇದೆ. ಕಾಲೇಜಿನ ಜಾಲ 192.168.1 ಎಂದು ಆರಂಭವಾಗುತ್ತದೆ, ನಿಮ್ಮ ಮನೆಯ ವೈಫೈ ಪೆಟ್ಟಿಗೆಯೂ ಅದೇ ಸಂಖ್ಯೆಗಳನ್ನೇ ಹಂಚುತ್ತದೆ. ಸುರಂಗ ಎದ್ದರೂ ನಿಮ್ಮ ಕಂಪ್ಯೂಟರಿಗೆ 192.168.1.5 ಎಂದರೆ ಪಕ್ಕದ ಕೋಣೆಯೋ ಕಾಲೇಜೋ ತಿಳಿಯದು. ಅದು ಹತ್ತಿರದ್ದನ್ನೇ ಆರಿಸುತ್ತದೆ. ಇದಕ್ಕೆ ಔಷಧಿ ಇಲ್ಲವೆಂದೇ ಹೇಳಬಹುದು, ಪಥ್ಯ ಮಾತ್ರ ಇದೆ. ಹೊಸ ಜಾಲ ಕಟ್ಟುವಾಗಲೇ 10.66.77 ಎಂಬಂಥ, ಯಾರೂ ಸಾಮಾನ್ಯವಾಗಿ ಇಟ್ಟುಕೊಳ್ಳದ ಸಂಖ್ಯೆಯನ್ನು ಆರಿಸಿಕೊಳ್ಳಬೇಕು.

ಓಡುತ್ತಿರುವ ಡೀಮನ್ನಿಗೆ ಸಂದೇಶ ಕೊಡುವುದು ಹೇಗೆ? ಯುನಿಕ್ಸ್‌ನಲ್ಲಿ ಇದಕ್ಕೆ ಸಿಗ್ನಲ್‌ಗಳಿವೆ, ಕಳುಹಿಸುವ ಆಜ್ಞೆಯ ಹೆಸರು 'ಕಿಲ್'. ಹೆಸರು ಕ್ರೂರವಾದರೂ ಅದು ಕೊಲ್ಲಲೇಬೇಕೆಂದಿಲ್ಲ, ಭುಜ ತಟ್ಟುವುದಕ್ಕೂ ಅದನ್ನೇ ಬಳಸುತ್ತೇವೆ. ಓಪನ್‌ವಿಪಿಎನ್ನಿಗೆ 'ಯುಎಸ್‌ಆರ್2' ಎಂಬ ಸಿಗ್ನಲ್ ಕೊಟ್ಟರೆ, ಈಗ ಯಾರು ಯಾರು ಒಳಗಿದ್ದಾರೆ, ಎಷ್ಟು ಬೈಟ್ ಹೋಗಿದೆ, ಬಂದಿದೆ ಎಂಬ ವರದಿಯನ್ನು ಲಾಗಿಗೆ ಬರೆಯುತ್ತದೆ. 'ಯುಎಸ್‌ಆರ್1' ಕೊಟ್ಟರೆ ಆದೇಶಪತ್ರವನ್ನು ಮತ್ತೆ ಓದದೆ ಸಂಪರ್ಕಗಳನ್ನು ಮಾತ್ರ ಹೊಸದಾಗಿ ಆರಂಭಿಸುತ್ತದೆ. 'ಟರ್ಮ್' ಎಂದರೆ ಮರ್ಯಾದೆಯಿಂದ ಮುಗಿಸಿ ಹೊರಡುತ್ತದೆ. 'ಹಪ್' ಎಂದರೆ ಎಲ್ಲವನ್ನೂ ಮುಚ್ಚಿ, ಆದೇಶಪತ್ರವನ್ನು ಮತ್ತೆ ಓದಿ, ಮತ್ತೆ ತೆರೆ ಎಂದರ್ಥ. ಇಲ್ಲಿ ಒಂದು ಗುಂಡಿ ಇದೆ, ಯೋಚಿಸಿ ನೋಡಿ. 'ಯೂಸರ್ ನೋಬಡಿ' ಬರೆದಿದ್ದರೆ ಡೀಮನ್ ಅಷ್ಟು ಹೊತ್ತಿಗಾಗಲೇ ರೂಟ್ ಅಧಿಕಾರ ಬಿಟ್ಟಿರುತ್ತದೆ. ರೂಟ್ ಮಾತ್ರ ಓದಬಲ್ಲ ಗುಟ್ಟಿನ ಕೀಲಿಯನ್ನು ಈಗ ಮತ್ತೆ ಓದಲು ಹೋದರೆ ಅನುಮತಿ ಸಿಗುವುದಿಲ್ಲ, ಡೀಮನ್ ಬಿದ್ದುಹೋಗುತ್ತದೆ. ಅಂಥ ಕಡೆ ಹಪ್ ಬೇಡ, ಸಿಸ್ಟಂಸಿಟಿಎಲ್ ಮೂಲಕ ರೀಸ್ಟಾರ್ಟ್ ಮಾಡಿ.

ರೀಸ್ಟಾರ್ಟ್ ಎಂದ ಕೂಡಲೇ ನನಗೆ ನನ್ನದೇ ಒಂದು ರಾತ್ರಿ ನೆನಪಾಗುತ್ತದೆ. ಆಗ ನಾನು ಬೆಂಗಳೂರಿನ ಒಂದು ಸಣ್ಣ ಕಚೇರಿಯ ಸರ್ವರುಗಳನ್ನು ನೋಡಿಕೊಳ್ಳುತ್ತಿದ್ದೆ. ಭದ್ರತೆಯ ದೃಷ್ಟಿಯಿಂದ ಹೊರಗಿನಿಂದ ಲಾಗಿನ್ ಆಗುವ ಬಾಗಿಲನ್ನೆಲ್ಲ ಮುಚ್ಚಿ, ಸುರಂಗದ ಮೂಲಕ ಮಾತ್ರ ಒಳಬರುವಂತೆ ಮಾಡಿದ್ದೆ, ಅದಕ್ಕಾಗಿ ಬೆನ್ನು ತಟ್ಟಿಕೊಂಡೂ ಇದ್ದೆ. ಮನೆಯಿಂದ ಸುರಂಗದೊಳಗೆ ಹೋಗಿ, ಕೀಪಲೈವ್ ಸಾಲಿನ ಒಂದು ಸಂಖ್ಯೆಯನ್ನು ಬದಲಾಯಿಸಿ, ರೀಸ್ಟಾರ್ಟ್ ಎಂದು ಒತ್ತಿದೆ. ಪರದೆ ನಿಂತಿತು. ಒಂದು ನಿಮಿಷ ಕಾದೆ, ಎರಡು ನಿಮಿಷ ಕಾದೆ. ಮತ್ತೆ ಸಂಪರ್ಕಿಸಲು ಪ್ರಯತ್ನಿಸಿದರೆ ಉತ್ತರವಿಲ್ಲ. ಸಂಖ್ಯೆ ತಿದ್ದುವಾಗ ನನ್ನ ಬೆರಳು ಕೀಪಲೈವ್ ಎಂಬ ಪದದ ಒಂದು ಅಕ್ಷರವನ್ನು ನುಂಗಿತ್ತು. ಗೊತ್ತಿಲ್ಲದ ಪದ ಕಂಡರೆ ಓಪನ್‌ವಿಪಿಎನ್ ಊಹೆ ಮಾಡುವುದಿಲ್ಲ, ಏಳಲು ನಿರಾಕರಿಸುತ್ತದೆ. ಯಾವ ಕಡತ, ಎಷ್ಟನೇ ಸಾಲು, ಯಾವ ಪದ ಎಂದು ಲಾಗಿನಲ್ಲಿ ಸ್ಪಷ್ಟವಾಗಿ ಬರೆದೂ ಇಡುತ್ತದೆ. ಆದರೆ ಆ ಲಾಗು ಇರುವುದು ಬಾಗಿಲಿನ ಒಳಗೆ, ನಾನು ಹೊರಗೆ! ಬೆಳಗಿನ ಮೊದಲ ಬಸ್ಸು ಹಿಡಿದು, ಕಾವಲುಗಾರನನ್ನು ಎಬ್ಬಿಸಿ, ಒಂದು ಅಕ್ಷರ ಸೇರಿಸಿ ಬಂದೆ.

ಆಮೇಲೆ ಹಿರಿಯ ಸಹೋದ್ಯೋಗಿಯೊಬ್ಬರು ಹೇಳಿಕೊಟ್ಟ ಉಪಾಯವನ್ನು ನಿಮಗೂ ಹೇಳುತ್ತೇನೆ. ಆದೇಶಪತ್ರ ಮುಟ್ಟುವ ಮೊದಲು ಅದರ ಒಂದು ಪ್ರತಿ ತೆಗೆದಿಡಿ. 'ಆಟ್ ನೌ + 10 ಮಿನಿಟ್ಸ್' ಎಂಬ ಆಜ್ಞೆ ಕೊಟ್ಟು, ಹಳೆಯ ಪ್ರತಿಯನ್ನು ಮತ್ತೆ ಅದರ ಜಾಗಕ್ಕೆ ಹಾಕಿ ಡೀಮನ್ನನ್ನು ರೀಸ್ಟಾರ್ಟ್ ಮಾಡುವ ಎರಡು ಸಾಲುಗಳನ್ನು ಬರೆಯಿರಿ. ಈಗ ಧೈರ್ಯವಾಗಿ ನಿಮ್ಮ ಬದಲಾವಣೆ ಮಾಡಿ. ಎಲ್ಲ ಸರಿಹೋದರೆ 'ಎಟಿಆರ್‌ಎಮ್' ಎಂಬ ಆಜ್ಞೆಯಿಂದ ಆ ಕೆಲಸವನ್ನು ರದ್ದುಮಾಡಿ. ಬಾಗಿಲು ಮುಚ್ಚಿಹೋದರೆ ಸುಮ್ಮನೆ ಹತ್ತು ನಿಮಿಷ ಕಾಫಿ ಕುಡಿಯಿರಿ. ಹಳೆಯ ಆದೇಶಪತ್ರ ತಾನಾಗಿಯೇ ಹಿಂದಿರುಗುತ್ತದೆ, ಬಾಗಿಲು ತೆರೆಯುತ್ತದೆ. ಈ ಆಟ್ ಆಜ್ಞೆಯ ಹಿಂದೆ ಕುಳಿತು ಗಡಿಯಾರ ನೋಡುವವನೂ ಒಬ್ಬ ಡೀಮನ್ನೇ.

ಎರಡನೆಯ ಪ್ರಸಂಗ ಇದಕ್ಕಿಂತ ಗಂಭೀರವಾದುದು. ಅದೇ ಕಚೇರಿಯ ಹುಡುಗನೊಬ್ಬ ಊರಿನಿಂದ ಬರುವಾಗ ಬಸ್ಸಿನಲ್ಲಿ ಲ್ಯಾಪ್‌ಟಾಪ್ ಕಳೆದುಕೊಂಡ. ಬೈಗುಳ ತಿನ್ನಬೇಕಾದೀತೆಂದು ಹೆದರಿ ಮೂರು ಗಂಟೆ ಯಾರಿಗೂ ಹೇಳಲಿಲ್ಲ. ಅವನ ಗುಟ್ಟಿನ ಕೀಲಿಗೆ ಗುಪ್ತಪದವೂ ಇರಲಿಲ್ಲ. ದಿನವೂ ಟೈಪ್ ಮಾಡುವುದು ಬೇಜಾರೆಂದು ನಾನೇ ಇಲ್ಲದೆ ಮಾಡಿಕೊಟ್ಟಿದ್ದೆ. ಆ ಲ್ಯಾಪ್‌ಟಾಪನ್ನು ತೆರೆದವನಿಗೆ ನಮ್ಮ ಕಚೇರಿಯ ಒಳಬಾಗಿಲು ತೆರೆದಂತೆಯೇ. ಒಳಗೆ ನೂರಾರು ಜನರ ಹೆಸರು, ವಿಳಾಸ, ಸಂಬಳದ ಲೆಕ್ಕ.

ಹೀಗಾದಾಗ ಮಾಡಬೇಕಾದದ್ದೇನು? ಡೀಮನ್ನನ್ನು ನಿಲ್ಲಿಸುವುದು ಒಂದು ದಾರಿ, ಆದರೆ ಆಗ ಎಲ್ಲರ ಕೆಲಸವೂ ನಿಲ್ಲುತ್ತದೆ. ಒಬ್ಬನ ಪ್ರಮಾಣಪತ್ರವನ್ನು ಮಾತ್ರ ರದ್ದುಮಾಡಬಹುದು. ಮೂಲ ಕೀಲಿ ಇರುವ ಕಂಪ್ಯೂಟರಿನಲ್ಲಿ ಈಸಿ-ಆರ್‌ಎಸ್‌ಎಗೆ 'ರಿವೋಕ್' ಎಂದು ಅವನ ಹೆಸರು ಕೊಡಬೇಕು, ನಂತರ 'ಜೆನ್-ಸಿಆರ್‌ಎಲ್' ಎನ್ನಬೇಕು. ರದ್ದಾದವುಗಳ ಪಟ್ಟಿಯೊಂದು ತಯಾರಾಗುತ್ತದೆ. ಅದನ್ನು ಸರ್ವರಿಗೆ ನಕಲು ಮಾಡಿ, ಆದೇಶಪತ್ರದಲ್ಲಿ 'ಸಿಆರ್‌ಎಲ್-ವೆರಿಫೈ' ಎಂಬ ಸಾಲಿನಲ್ಲಿ ಅದರ ಹೆಸರು ಬರೆಯಬೇಕು. ನಮ್ಮಲ್ಲಿ ಆ ಸಾಲು ಮೊದಲಿನಿಂದ ಇರಲಿಲ್ಲವಾದ್ದರಿಂದ ಒಮ್ಮೆ ರೀಸ್ಟಾರ್ಟ್ ಮಾಡಲೇಬೇಕಾಯಿತು. ನೀವು ಖಾಲಿ ಪಟ್ಟಿಯೊಂದನ್ನು ಮೊದಲ ದಿನವೇ ಇಟ್ಟುಬಿಡಿ. ಆಮೇಲೆ ಪಟ್ಟಿ ಬದಲಾದಾಗ ಡೀಮನ್ ತಾನೇ ಅದನ್ನು ಓದಿಕೊಳ್ಳುತ್ತದೆ. 'ಯಾರೂ ಅಲ್ಲ' ಖಾತೆಗೆ ಆ ಕಡತವನ್ನೂ ಅದು ಇರುವ ಡೈರೆಕ್ಟರಿಯನ್ನೂ ಓದಲು ಅನುಮತಿ ಇರಬೇಕು, ಇಲ್ಲವಾದರೆ ಹೊಸ ಪಟ್ಟಿ ಅದಕ್ಕೆ ತಲುಪುವುದೇ ಇಲ್ಲ.

ಪಟ್ಟಿ ಬಂದರೂ ಆಗಲೇ ಒಳಗೆ ಕುಳಿತವನು ತಕ್ಷಣ ಹೊರಬೀಳುವುದಿಲ್ಲ ಎಂಬುದನ್ನು ಗಮನಿಸಿ. ಕೀಲಿಗಳ ಮರುಮಾತುಕತೆ ಸಾಮಾನ್ಯವಾಗಿ 3600 ಸೆಕೆಂಡಿಗೊಮ್ಮೆ, ಅಂದರೆ ಗಂಟೆಗೊಮ್ಮೆ. ಅಲ್ಲಿಯವರೆಗೆ ಅವನು ಉಳಿಯಬಹುದು. ಇದಕ್ಕಾಗಿಯೇ ಮ್ಯಾನೇಜ್‌ಮೆಂಟ್ ಇಂಟರ್‌ಫೇಸ್ ಎಂಬ ಕಿರುಬಾಗಿಲು ಇದೆ. ಆದೇಶಪತ್ರದಲ್ಲಿ 'ಮ್ಯಾನೇಜ್‌ಮೆಂಟ್ 127.0.0.1 7505' ಎಂದು ಬರೆದಿದ್ದರೆ, ಅದೇ ಸರ್ವರಿನಿಂದ ಟೆಲ್‌ನೆಟ್ ಮೂಲಕ 7505ಕ್ಕೆ ಹೋಗಿ ಡೀಮನ್ನಿನ ಜೊತೆ ನೇರ ಮಾತನಾಡಬಹುದು. 'ಸ್ಟೇಟಸ್' ಎಂದರೆ ಒಳಗಿರುವವರ ಪಟ್ಟಿ, 'ಕಿಲ್' ಎಂದು ಹೆಸರು ಕೊಟ್ಟರೆ ಆ ಒಬ್ಬನು ಹೊರಗೆ. ಅವನ ಕಂಪ್ಯೂಟರು ಮತ್ತೆ ಬಾಗಿಲು ತಟ್ಟಿದಾಗ ರದ್ದುಪಟ್ಟಿ ತಡೆಯುತ್ತದೆ. ವಿಳಾಸ 127.0.0.1 ಮಾತ್ರ ಇರಲಿ. ಈ ಕಿರುಬಾಗಿಲು ಬೀದಿಗೆ ತೆರೆದರೆ ಕಥೆ ಮುಗಿಯಿತು.

ಪುಣ್ಯಕ್ಕೆ ಆ ಮೂರು ಗಂಟೆಗಳಲ್ಲಿ ಯಾರೂ ಬಂದಿರಲಿಲ್ಲ. ಲಾಗನ್ನು ಸಾಲು ಸಾಲಾಗಿ ಓದಿ ಅದನ್ನು ಖಚಿತಮಾಡಿಕೊಂಡೆವು. ಹುಡುಗನನ್ನು ನಾನು ಬೈಯಲಿಲ್ಲ. ಬೈದಿದ್ದರೆ ಮುಂದಿನ ಬಾರಿ ಇನ್ನೊಬ್ಬನು ಮೂರು ಗಂಟೆಯಲ್ಲ, ಮೂರು ದಿನ ಮುಚ್ಚಿಡುತ್ತಿದ್ದ.

ಆದರೆ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಸುಮಾರು ಆರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಫೋನಿನ ಮೇಲೆ ಫೋನು. ಯಾರಿಗೂ ಸಂಪರ್ಕ ಸಿಗುತ್ತಿಲ್ಲ, ನಾವು ಏನನ್ನೂ ಮುಟ್ಟಿಲ್ಲ! ಲಾಗು ನೋಡಿದರೆ ಪ್ರತಿಯೊಬ್ಬರ ಹೆಸರಿನ ಪಕ್ಕದಲ್ಲೂ 'ಸಿಆರ್‌ಎಲ್ ಹ್ಯಾಸ್ ಎಕ್ಸ್‌ಪೈರ್ಡ್' ಎಂದಿದೆ. ರದ್ದುಪಟ್ಟಿಗೂ ಒಂದು ಆಯುಸ್ಸಿದೆ, ಈಸಿ-ಆರ್‌ಎಸ್‌ಎ ಅದಕ್ಕೆ ಕೊಡುವುದು 180 ದಿನ. ಅದು ಹಳತಾದರೆ, ಈ ಪಟ್ಟಿಯನ್ನು ನಂಬಲಾಗದು, ಆದ್ದರಿಂದ ಯಾರನ್ನೂ ಬಿಡುವುದಿಲ್ಲ ಎಂದು ಡೀಮನ್ ಹಟ ಹಿಡಿಯುತ್ತದೆ. ಅದರ ತರ್ಕ ಸರಿಯೇ. ತಪ್ಪು ನನ್ನದು, ದಿನಾಂಕವನ್ನು ನಾನು ಎಲ್ಲೂ ಬರೆದಿಟ್ಟಿರಲಿಲ್ಲ. ಹೊಸ ಪಟ್ಟಿ ತಯಾರಿಸಿ ನಕಲು ಮಾಡಿದ ಕೂಡಲೇ, ಡೀಮನ್ನನ್ನು ಮುಟ್ಟದೆಯೇ, ಎಲ್ಲರೂ ಒಳಗೆ ಬಂದರು. ಪ್ರಮಾಣಪತ್ರಗಳಿಗೆ ಅದೇ ಉಪಕರಣ 825 ದಿನ, ಮೂಲ ಪ್ರಮಾಣಪತ್ರಕ್ಕೆ 3650 ದಿನ ಅವಧಿ ಹಾಕುತ್ತದೆ. ಹತ್ತು ವರ್ಷದ ನಂತರ ಆ ಕುರ್ಚಿಯಲ್ಲಿ ನೀವಿರುವುದಿಲ್ಲ; ಇರುವವನಿಗೆ ತಿಳಿಯುವಂತೆ ದಿನಾಂಕವನ್ನು ಕಚೇರಿಯ ರಿಜಿಸ್ಟರಿನಲ್ಲಿ ಬರೆದಿಡಿ.

ವೈರ್‌ಗಾರ್ಡ್ ಎಂಬ ಹೊಸಬನ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಜೇಸನ್ ಡೊನೆನ್‌ಫೆಲ್ಡ್ ಬರೆದ ಇದು 2020ರ ಮಾರ್ಚ್‌ನಲ್ಲಿ ಬಂದ ಲಿನಕ್ಸ್ 5.6ರ ಕರ್ನೆಲ್ಲಿನಲ್ಲೇ ಸೇರಿಕೊಂಡಿತು. ಚಿಕ್ಕದು, ವೇಗವಾದದ್ದು, ಪ್ರಮಾಣಪತ್ರಗಳ ಗೋಜಿಲ್ಲ. ಕರ್ನೆಲ್ಲಿನಲ್ಲಿ ಓಡುವಾಗ ಅಲ್ಲಿ ಡೀಮನ್ ಎಂಬುದೇ ಇಲ್ಲ. ಇಬ್ಬರು ಮೂವರಿಗೆ ಸಾಕೆಂದರೆ ನಾನು ಅದನ್ನೇ ಹೇಳುತ್ತೇನೆ. ಆದರೆ ಡೀಮನ್, ಸಿಗ್ನಲ್, ಲಾಗು, ರದ್ದುಪಟ್ಟಿ ಇವುಗಳನ್ನು ಕಲಿಯುವುದಕ್ಕೆ ಓಪನ್‌ವಿಪಿಎನ್ನೇ ಒಳ್ಳೆಯ ಪಾಠಶಾಲೆ.

ಜಾಹೀರಾತುಗಳಲ್ಲಿ ಬರುವ ವಿ.ಪಿ.ಎನ್. ಬಗ್ಗೆ ಎರಡು ಮಾತು. ಅವು ನಿಮ್ಮನ್ನು ಅದೃಶ್ಯರನ್ನಾಗಿ ಮಾಡುವುದಿಲ್ಲ. ನಿಮ್ಮ ಸಂಚಾರವನ್ನು ನೋಡಬಲ್ಲವನು ಮೊದಲು ಇಂಟರ್‌ನೆಟ್ ಕೊಟ್ಟವನಾಗಿದ್ದರೆ, ಈಗ ವಿ.ಪಿ.ಎನ್. ಕೊಟ್ಟವನು, ಅಷ್ಟೇ. ನಮ್ಮ ದೇಶದಲ್ಲಿ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ, ಸಾರ್ವಜನಿಕರಿಗೆ ಇಂಥ ಸೇವೆ ಒದಗಿಸುವವರು ಗ್ರಾಹಕರ ವಿವರಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕು. ಕಚೇರಿಗಳು ತಮ್ಮ ನೌಕರರಿಗಾಗಿ ನಡೆಸುವ ವಿ.ಪಿ.ಎನ್.ಗೆ ಇದು ಅನ್ವಯಿಸುವುದಿಲ್ಲ ಎಂದು ಆಮೇಲೆ ಸ್ಪಷ್ಟಪಡಿಸಿದರು.

ಈಗ ನಿಮಗೊಂದು ಅಭ್ಯಾಸ. ಪ್ರಯೋಗಾಲಯದಲ್ಲಿ, ಅಧ್ಯಾಪಕರ ಅನುಮತಿ ಪಡೆದು, ಎರಡು ಲಿನಕ್ಸ್ ಕಂಪ್ಯೂಟರುಗಳನ್ನು ತೆಗೆದುಕೊಳ್ಳಿ. ಒಂದರಲ್ಲಿ ಡೀಮನ್ ಎಬ್ಬಿಸಿ, ಇನ್ನೊಂದರಿಂದ ಸಂಪರ್ಕಿಸಿ. ಸಂಪರ್ಕ ಸಿಕ್ಕ ಸಂತೋಷದಲ್ಲಿ ಎದ್ದುಹೋಗಬೇಡಿ. ಆದೇಶಪತ್ರದ ಒಂದು ಅಕ್ಷರವನ್ನು ಬೇಕೆಂದೇ ಕೆಡಿಸಿ, ಲಾಗು ಏನು ಹೇಳುತ್ತದೆ ನೋಡಿ. ಐಪಿ-ಫಾರ್ವರ್ಡನ್ನು 0 ಮಾಡಿ, ಏನು ನಿಲ್ಲುತ್ತದೆ, ಏನು ನಿಲ್ಲುವುದಿಲ್ಲ ಬರೆದುಕೊಳ್ಳಿ. ಗೆಳೆಯನ ಪ್ರಮಾಣಪತ್ರವನ್ನು ರದ್ದುಮಾಡಿ, ಅವನು ಎಷ್ಟು ಹೊತ್ತು ಒಳಗೆ ಉಳಿಯುತ್ತಾನೆ ಎಂದು ಗಡಿಯಾರ ನೋಡಿ, ಆಮೇಲೆ 7505ರ ಕಿರುಬಾಗಿಲಿನಿಂದ ಅವನನ್ನು ಹೊರಗೆ ಹಾಕಿ. ಕೊನೆಯಲ್ಲಿ 'ಓಪನ್‌ಎಸ್‌ಎಸ್‌ಎಲ್ ಸಿಆರ್‌ಎಲ್' ಆಜ್ಞೆಗೆ ಪಟ್ಟಿಯ ಹೆಸರು ಕೊಟ್ಟು, '-ನೆಕ್ಸ್ಟ್‌ಅಪ್‌ಡೇಟ್', '-ನೋಔಟ್' ಎಂದು ಸೇರಿಸಿದರೆ ಒಂದು ದಿನಾಂಕ ಬರುತ್ತದೆ. ಅದನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬನ್ನಿ.